ಹಿತ್ತಲಿನ ಆಚಾರ್ಯ: ಜಾರ್ಜ್ ವಾಷಿಂಗ್ಟನ್ ಕಾರ್ವರ್

ಹಸಿವು ಬರಗಾಲದ ಮಗಳೆಂಬುದು ಲೋಕರೂಢಿಯ ತಿಳಿವಳಿಕೆ. ಮಳೆ ಹೋಯಿತು, ಬೆಳೆ ಹೋಯಿತು, ಜನರು ಹಸಿದರು. ಈ ಲೆಕ್ಕವು ಸುಲಭವಾದುದು. ಆದರೆ ಮಳೆಯೂ ಬಂದು ಬೆಳೆಯೂ ಬಂದು, ಬೆಳೆದ ರೈತನೇ ಒಳ್ಳೆಯ ಆಹಾರವಿಲ್ಲದೆ ಸೊರಗುವ ಇನ್ನೊಂದು ಬಗೆಯ ಹಸಿವುಂಟು. ಅದು ಹೊಟ್ಟೆಯನ್ನು ತುಂಬಿಸಿಯೂ ಶರೀರವನ್ನು ಬಡವಾಗಿಸುವುದು. ಮನೆಯಲ್ಲಿ ಸೊಪ್ಪಿಲ್ಲ, ಕಾಯಿಪಲ್ಲೆಯಿಲ್ಲ, ಬೇಳೆಯಿಲ್ಲ, ಹಾಲಿಲ್ಲ. ಇರುವುದು ಅಂಗಡಿಯಿಂದ ಕಡ ತಂದ ಹಿಟ್ಟು ಮಾತ್ರ. ಈ ಹಸಿವಿನ ಮೂಲವನ್ನು ಅರಿತು, ಕಾಸಿಲ್ಲದೆ ಅದನ್ನು ನೀಗುವ ದಾರಿಯನ್ನು ಬಡವರ ಬಾಗಿಲಿಗೇ ಕೊಂಡೊಯ್ದ ಮಹನೀಯರೊಬ್ಬರ ಚರಿತ್ರೆಯನ್ನು ಇಂದು ವಾಚಕರ ಮುಂದಿಡಬಯಸುವೆವು. ಅವರೇ ಅಮೇರಿಕೆಯ ಜಾರ್ಜ್ ವಾಷಿಂಗ್ಟನ್ ಕಾರ್ವರ್.

ಶೇಂಗಾದಿಂದ ನೂರಾರು ವಸ್ತುಗಳನ್ನು ತೆಗೆದ ರಸಾಯನಶಾಸ್ತ್ರಜ್ಞರೆಂದು ಲೋಕವು ಇವರನ್ನು ಕೊಂಡಾಡುತ್ತದೆ. ನಮ್ಮ ಶಾಲೆಯ ಮಕ್ಕಳೂ ಅಷ್ಟನ್ನು ಬಲ್ಲರು. ಆದರೆ ಅವರ ನಿಜವಾದ ಹಿರಿಮೆ ಪ್ರಯೋಗಶಾಲೆಯ ಸೀಸೆಗಳಲ್ಲಿ ಇರಲಿಲ್ಲವೆಂದೂ, ದರಿದ್ರ ಒಕ್ಕಲಿಗನ ಗುಡಿಸಲ ಹಿಂದಿನ ಹಿತ್ತಲಿನಲ್ಲಿ ಇತ್ತೆಂದೂ ನಾವು ತಿಳಿಯುತ್ತೇವೆ. ಹಾಗೆ ತಿಳಿಯುವುದಕ್ಕೆ ಅವರ ಬಾಳೇ ಸಾಕ್ಷಿ.

ಕಾರ್ವರರು ಹುಟ್ಟಿದ್ದು ಸುಮಾರು ೧೮೬೪ರಲ್ಲಿ, ಮಿಸೌರಿ ಸಂಸ್ಥಾನದ ಡೈಮಂಡ್ ಗ್ರೋವ್ ಎಂಬ ಹಳ್ಳಿಯ ಬಳಿಯಲ್ಲಿ. ಗುಲಾಮಳ ಮಗನಿಗೆ ಜನ್ಮಪತ್ರಿಕೆಯನ್ನು ಬರೆದಿಡುವವರಾರು? ಹುಟ್ಟಿದ ದಿನವು ಕೊನೆಯವರೆಗೂ ಅವರಿಗೆ ತಿಳಿಯಲಿಲ್ಲ. ತಾಯಿ ಮೇರಿ ಎಂಬವಳು ಮೋಸೆಸ್ ಕಾರ್ವರ್ ಎಂಬ ಬಿಳಿಯ ಒಕ್ಕಲಿಗನ ಸೊತ್ತು. ಅಂತರ್ಯುದ್ಧದ ಆ ದಿನಗಳಲ್ಲಿ ರಾತ್ರಿಯ ದರೋಡೆಗಾರರು ತಾಯಿಯನ್ನೂ ಹಸುಗೂಸನ್ನೂ ಹೊತ್ತೊಯ್ದರು. ಒಡೆಯನು ಹುಡುಕಲು ಕಳುಹಿದವನಿಗೆ ಕೂಸು ಮಾತ್ರ ಸಿಕ್ಕಿತು. ಅದರ ಬದಲಿಗೆ ಒಂದು ಕುದುರೆಯನ್ನು ತೆತ್ತರೆಂದು ಪ್ರತೀತಿ. ತಾಯಿಯ ಸುಳಿವು ಮತ್ತೆಂದಿಗೂ ಹತ್ತಲಿಲ್ಲ. ೧೮೬೫ರಲ್ಲಿ ಗುಲಾಮಗಿರಿಯು ಕಾಯಿದೆಯಿಂದ ರದ್ದಾದಾಗ ಆ ಅನಾಥ ಶಿಶುವನ್ನೂ ಅವನ ಅಣ್ಣನನ್ನೂ ಕಾರ್ವರ್ ದಂಪತಿಗಳೇ ಸಾಕಿದರು.

ಹುಡುಗನು ರೋಗಿಷ್ಟ. ಹೊಲದ ದುಡಿಮೆಗೆ ಆಗದ ಅವನಿಗೆ ಅಡಿಗೆ, ಒಗೆತ, ಹೊಲಿಗೆ, ಹಿತ್ತಲ ಕೆಲಸಗಳು ಪಾಲಿಗೆ ಬಂದವು. ಈ ದೌರ್ಬಲ್ಯವೇ ಮುಂದೆ ದೊಡ್ಡ ಬಲವಾಯಿತು. ಹೆಂಗಸರು ಒಲೆಯ ಮುಂದೆ ಏನು ಪಾಡು ಪಡುತ್ತಾರೆಂಬುದನ್ನು ಬಲ್ಲ ಕೃಷಿಪಂಡಿತರು ಲೋಕದಲ್ಲಿ ವಿರಳ, ಕಾರ್ವರರು ಅಂಥವರಲ್ಲೊಬ್ಬರಾದರು. ಬಾಡಿದ ಗಿಡಗಳಿಗೆ ಆರೈಕೆ ಮಾಡಿ ಚಿಗುರಿಸುತ್ತಿದ್ದುದರಿಂದ ನೆರೆಹೊರೆಯವರು ಆ ಎಳೆಯನನ್ನು ಗಿಡಗಳ ವೈದ್ಯನೆಂದು ಕರೆಯತೊಡಗಿದರು.

ಆ ಊರಿನ ಶಾಲೆಯಲ್ಲಿ ಕಪ್ಪು ಜನರ ಮಕ್ಕಳಿಗೆ ಪ್ರವೇಶವಿರಲಿಲ್ಲ. ಆದುದರಿಂದ ಹುಡುಗನು ಮನೆಯನ್ನು ಬಿಟ್ಟು ಮೈಲುಗಟ್ಟಲೆ ದೂರದ ನಿಯೋಷೋ ಪಟ್ಟಣಕ್ಕೆ ಹೋಗಿ, ಅಲ್ಲಿಯ ಮರಾಯಾ ವಾಟ್ಕಿನ್ಸ್ ಎಂಬ ಸೂಲಗಿತ್ತಿಯ ಮನೆಯಲ್ಲಿ ಕೆಲಸ ಮಾಡಿಕೊಂಡು ಓದಿದನು. ಅಲ್ಲಿಂದ ಕ್ಯಾನ್ಸಸ್ ಸಂಸ್ಥಾನದಲ್ಲಿ ಊರಿಂದೂರಿಗೆ ಅಲೆದಾಟ; ಬಟ್ಟೆ ಒಗೆದು, ಅಡಿಗೆ ಮಾಡಿ ಹೊಟ್ಟೆ ಹೊರೆದುಕೊಂಡು ವಿದ್ಯಾರ್ಜನೆ. ೧೮೭೯ರಲ್ಲಿ ಫೋರ್ಟ್ ಸ್ಕಾಟ್ ಎಂಬಲ್ಲಿ ಬಿಳಿಯರ ಗುಂಪೊಂದು ಕಪ್ಪು ಮನುಷ್ಯನೊಬ್ಬನನ್ನು ಕೊಂದುದನ್ನು ಕಣ್ಣಾರೆ ಕಂಡು, ಆ ಊರನ್ನೇ ತೊರೆದನು. ಮುಂದೆ ಹೈಲೆಂಡ್ ಎಂಬಲ್ಲಿಯ ಕಾಲೇಜು ಅರ್ಜಿಯನ್ನು ನೋಡಿ ಸೇರಿಸಿಕೊಂಡಿತು, ಮುಖವನ್ನು ನೋಡಿ ಹೊರಹಾಕಿತು. ಈ ಅವಮಾನವನ್ನು ನುಂಗಿಕೊಂಡ ತರುಣನು ೧೮೯೦ರಲ್ಲಿ ಅಯೋವಾ ಸಂಸ್ಥಾನದ ಸಿಂಪ್ಸನ್ ಕಾಲೇಜನ್ನು ಸೇರಿ ಚಿತ್ರಕಲೆಯನ್ನೂ ಸಂಗೀತವನ್ನೂ ಅಭ್ಯಸಿಸಿದನು.

ಕೈ ಚಿತ್ರಗಾರನದು, ಅದರಲ್ಲಿ ಸಂದೇಹವಿರಲಿಲ್ಲ. ೧೮೯೩ರಲ್ಲಿ ಷಿಕಾಗೋ ನಗರದ ಮಹಾಪ್ರದರ್ಶನದಲ್ಲಿ ಅವರ ಚಿತ್ರವೊಂದಕ್ಕೆ ಮನ್ನಣೆಯೂ ದೊರೆಯಿತು. ಆದರೆ ಚಿತ್ರಕಲಾಶಿಕ್ಷಕಿಯಾದ ಎಟ್ಟಾ ಬಡ್ ಅವರ ಸಲಹೆಯಿಂದ ಅವರು ಅದಕ್ಕಿಂತ ಮುಂಚೆಯೇ, ೧೮೯೧ರಲ್ಲಿ, ಏಮ್ಸ್ ನಗರದ ಕೃಷಿಕಾಲೇಜನ್ನು ಸೇರಿದ್ದರು. ಬಣ್ಣದ ಕುಂಚಕ್ಕಿಂತ ಬೇಸಾಯದ ವಿದ್ಯೆಯೇ ತಮ್ಮ ಜನಕ್ಕೆ ಹೆಚ್ಚು ಉಪಯೋಗವಾದೀತೆಂಬುದು ಅವರ ನಿರ್ಧಾರ. ಅಲ್ಲಿ ೧೮೯೪ರಲ್ಲಿ ಪದವಿಯನ್ನೂ ೧೮೯೬ರಲ್ಲಿ ಉನ್ನತ ಪದವಿಯನ್ನೂ ಪಡೆದರು. ಆ ಕಾಲೇಜಿನ ಮೊದಲನೆಯ ಕಪ್ಪು ವಿದ್ಯಾರ್ಥಿಯೂ ಅವರೇ, ಮೊದಲನೆಯ ಕಪ್ಪು ಅಧ್ಯಾಪಕರೂ ಅವರೇ. ಸುಖವಾಗಿ ಅಲ್ಲಿಯೇ ಇದ್ದು ಸಸ್ಯರೋಗಶಾಸ್ತ್ರದಲ್ಲಿ ಕೀರ್ತಿ ಗಳಿಸಬಹುದಾಗಿತ್ತು.

ಆ ವೇಳೆಗೆ ಅಲಬಾಮಾ ಸಂಸ್ಥಾನದ ಟಸ್ಕೀಗಿಯಿಂದ ಬುಕರ್ ವಾಷಿಂಗ್ಟನ್ ಅವರ ಕರೆ ಬಂದಿತು. ಕಪ್ಪು ಜನರ ಶಿಕ್ಷಣಕ್ಕಾಗಿ ೧೮೮೧ರಲ್ಲಿ ವಾಷಿಂಗ್ಟನ್ನರು ಅಲ್ಲಿ ವಿದ್ಯಾಲಯವೊಂದನ್ನು ಕಟ್ಟಿ ಬೆಳೆಯಿಸಿದ್ದರು. ಅದರ ಕೃಷಿವಿಭಾಗಕ್ಕೆ ಒಬ್ಬ ಯೋಗ್ಯನು ಬೇಕಾಗಿದ್ದನು. ೧೮೯೬ರಲ್ಲಿ ಕಾರ್ವರರು ದಕ್ಷಿಣಕ್ಕೆ ಇಳಿದರು. ಇಳಿದವರು ತೀರಿಕೊಳ್ಳುವ ಪರಿಯಂತ ನಲವತ್ತಾರು ವರ್ಷಗಳಿಗೂ ಮೇಲ್ಪಟ್ಟು ಆ ನೆಲವನ್ನು ಬಿಡಲಿಲ್ಲ.

ಅವರು ಕಂಡ ಆ ನೆಲ ಎಂಥದು? ಟಸ್ಕೀಗಿಯಿರುವ ಮೇಕನ್ ಜಿಲ್ಲೆಯಲ್ಲಿ ಎಲ್ಲಿ ನೋಡಿದರೂ ಹತ್ತಿ. ಗುಡಿಸಲ ಹೊಸ್ತಿಲಿನ ತನಕ ಹತ್ತಿ. ಗುಲಾಮಗಿರಿಯೇನೋ ಹೋಗಿತ್ತು, ಆದರೆ ಭೂಮಿಯು ಹಳೆಯ ಒಡೆಯರಲ್ಲಿಯೇ ಉಳಿದಿತ್ತು. ಬಹುಮಂದಿ ಕಪ್ಪು ರೈತರು ಪಾಲಿಗೋ ಗೇಣಿಗೋ ದುಡಿಯುವವರು. ಬಿತ್ತನೆಯಿಂದ ಸುಗ್ಗಿಯವರೆಗೆ ಮನೆಗೆ ಬೇಕಾದ ದಿನಸಿಯನ್ನು ಭೂಮಾಲಿಕನೋ ವರ್ತಕನೋ ಮುಂಬರುವ ಹತ್ತಿಯ ಮೇಲೆ ಕಡವಾಗಿ ಕೊಡುವನು. ಲೆಕ್ಕದ ಪುಸ್ತಕ ಅವನ ಕೈಯಲ್ಲಿ. ಬೆಲೆ ಕಟ್ಟುವವನೂ ಅವನೇ, ಬಡ್ಡಿ ಹಾಕುವವನೂ ಅವನೇ. ಸುಗ್ಗಿಯ ಹತ್ತಿಯೆಲ್ಲ ಆ ಪುಸ್ತಕದೊಳಗೆ ಕರಗಿಹೋಗುವುದು. ಒಕ್ಕಲಿಗನು ಮುಂದಿನ ವರ್ಷವನ್ನು ಮತ್ತೆ ಸಾಲದಿಂದಲೇ ಆರಂಭಿಸುವನು. ಹತ್ತಿಗೆ ಮಾತ್ರ ಕಡ ಹುಟ್ಟುತ್ತಿದ್ದುದರಿಂದ ಹತ್ತಿಯನ್ನಲ್ಲದೆ ಬೇರೆ ಏನನ್ನೂ ಬೆಳೆಯಲು ಭೂಮಾಲಿಕನ ಒಪ್ಪಿಗೆ ದೊರೆಯುವುದು ಕಷ್ಟ.

ಇಂಥ ಮನೆಗಳ ಊಟವೇನಿದ್ದೀತು? ಕಾರ್ವರರು ಬರುವುದಕ್ಕೆ ಸ್ವಲ್ಪವೇ ಮುಂಚೆ, ೧೮೯೫-೯೬ರಲ್ಲಿ, ಅಮೇರಿಕೆಯ ಸರಕಾರದ ಕೃಷಿ ಇಲಾಖೆಯು ಟಸ್ಕೀಗಿಯ ಸುತ್ತಲಿನ ಕಪ್ಪು ಕುಟುಂಬಗಳ ಆಹಾರವನ್ನು ತೂಗಿ ಅಳೆದು ಪರೀಕ್ಷಿಸಿತ್ತು. ಕಂಡುಬಂದದ್ದು ಗೋವಿನಜೋಳದ ಹಿಟ್ಟು, ಉಪ್ಪು ಹಾಕಿದ ಹಂದಿಯ ಕೊಬ್ಬು, ಕಾಕಂಬಿ. ಹೆಚ್ಚಿನ ಮನೆಗಳಲ್ಲಿ ಮುಖ್ಯವಾದುದು ಇಷ್ಟೆ. ದುಡಿಯಲು ಬೇಕಾದ ಕಾವನ್ನು ಇವು ಕೊಡುವವು, ಮೈ ಕಟ್ಟಲು ಬೇಕಾದ ಸತ್ವವನ್ನು ಕೊಡಲಾರವು. ಇದರ ಫಲವಾಗಿ ಮುಂದಿನ ದಶಕಗಳಲ್ಲಿ ಪೆಲಾಗ್ರ ಎಂಬ ರೋಗವು ದಕ್ಷಿಣದ ಸಂಸ್ಥಾನಗಳಲ್ಲೆಲ್ಲ ಹಬ್ಬಿತು. ಚರ್ಮ ಸುಲಿದು, ಬೇಧಿ ಹತ್ತಿ, ಬುದ್ಧಿ ಕದಡಿ ಜನರು ಸತ್ತರು. ಅದು ಸೋಂಕೆಂದೇ ಬಹುಮಂದಿ ವೈದ್ಯರ ಭಾವನೆಯಾಗಿತ್ತು. ೧೯೧೪ರಿಂದ ಅದರ ಶೋಧಕ್ಕೆ ತೊಡಗಿದ ಸರಕಾರೀ ವೈದ್ಯ ಜೋಸೆಫ್ ಗೋಲ್ಡ್‌ಬರ್ಗರರು ಅದು ಸೋಂಕಲ್ಲ, ಆಹಾರದ ಕೊರತೆಯೆಂದು ತೋರಿಸಿಕೊಟ್ಟರು. ಕೊರತೆಯಾದ ಸತ್ವವು ನಿಯಾಸಿನ್ ಎಂಬುದು ಸ್ಪಷ್ಟವಾದದ್ದು ೧೯೩೭ರಲ್ಲಿ. ಆ ಸತ್ವವು ಶೇಂಗಾದಲ್ಲಿ ಧಾರಾಳವಾಗಿದೆ. ಅದಕ್ಕೆ ಹೆಸರು ಹುಟ್ಟುವ ಎಷ್ಟೋ ಮೊದಲೇ ಅದು ತುಂಬಿದ ಕಾಳನ್ನು ಕಾರ್ವರರು ಬಡವರ ಹಿತ್ತಲಿನಲ್ಲಿ ಬಿತ್ತಿಸುತ್ತಿದ್ದರು.

ಅವರು ಹಿಡಿದ ದಾರಿಯು ಸರಳವಾದುದು. ಬಡವನ ಕೈಯಲ್ಲಿ ದುಡ್ಡಿಲ್ಲ. ಆದುದರಿಂದ ದುಡ್ಡು ಬೇಡುವ ಯಾವ ಉಪದೇಶವೂ ಅವನಿಗೆ ಉಪದೇಶವಲ್ಲ. ತಾಜಾ ಕಾಯಿಪಲ್ಲೆಯು ಪೇಟೆಯಲ್ಲಿ ಎಷ್ಟೇ ಅಗ್ಗವಾದರೂ ಕಾಸಿಲ್ಲದವನಿಗೆ ಅದು ದುಬಾರಿಯೇ. ಆದ ಕಾರಣ ಅದು ಅವನ ಮನೆಯ ಹಿಂದೆಯೇ ಬೆಳೆಯಬೇಕು. ಅಲ್ಲಿ ವರ್ತಕನ ಬೆಲೆಯೂ ಇಲ್ಲ, ಬಡ್ಡಿಯೂ ಇಲ್ಲ. ಈ ಒಂದು ವಿಚಾರದಿಂದಲೇ ಅವರ ಉಳಿದ ಕೆಲಸವೆಲ್ಲ ಹುಟ್ಟಿತೆನ್ನಬಹುದು.

ಮೊದಲು ತಮ್ಮ ಮನೆಯಲ್ಲಿಯೇ ಅವರು ಇದನ್ನು ಆಚರಿಸಿ ತೋರಿದರು. ಟಸ್ಕೀಗಿಯಲ್ಲಿ ಪ್ರಯೋಗಶಾಲೆಯೆಂಬುದೇ ಇರಲಿಲ್ಲ. ವಿದ್ಯಾರ್ಥಿಗಳೊಡನೆ ತಿಪ್ಪೆಗಳನ್ನು ಹುಡುಕಿ, ಒಡೆದ ಸೀಸೆ, ಹಳೆಯ ಡಬ್ಬಿ, ಬಿಸಾಡಿದ ಪಾತ್ರೆಗಳನ್ನು ಆಯ್ದು ತಂದು ಅವುಗಳಿಂದಲೇ ಸಲಕರಣೆಗಳನ್ನು ಮಾಡಿಕೊಂಡರು. ೧೮೯೭ರಲ್ಲಿ ಸಂಸ್ಥಾನದ ಶಾಸನಸಭೆಯು ಅಲ್ಲಿಯ ಪ್ರಯೋಗಕ್ಷೇತ್ರಕ್ಕೆಂದು ವರ್ಷಕ್ಕೆ ೧೫೦೦ ಡಾಲರುಗಳನ್ನು ಮಂಜೂರು ಮಾಡಿತು. ಅಂಥ ಕ್ಷೇತ್ರವೊಂದಕ್ಕೆ ಅದು ಅಲ್ಪವಾದ ಹಣ. ಹತ್ತಿಯು ಹೀರಿ ಬರಡು ಮಾಡಿದ್ದ ಹೊಲಕ್ಕೆ ಅವರು ಕೊಂಡ ಗೊಬ್ಬರಕ್ಕಿಂತ ಹೆಚ್ಚಾಗಿ ಕಾಡಿನ ತರಗೆಲೆಯನ್ನೂ ಜೌಗಿನ ಕೆಸರನ್ನೂ ನೆಚ್ಚಿದರು. ಅಲಸಂದಿ, ಶೇಂಗಾಗಳನ್ನು ಸರದಿಯಂತೆ ಬಿತ್ತಿದರು. ಈ ದ್ವಿದಳ ಸಸ್ಯಗಳ ಬೇರಿನ ಗಂಟುಗಳಲ್ಲಿ ವಾಸಿಸುವ ಸೂಕ್ಷ್ಮಜೀವಿಗಳು ಗಾಳಿಯ ಸಾರಜನಕವನ್ನು ಹಿಡಿದು ಮಣ್ಣಿಗೆ ಸೇರಿಸುತ್ತವೆ. ಹೀಗೆ ಒಂದೇ ಬೆಳೆಯಿಂದ ಹೊಲಕ್ಕೆ ಗೊಬ್ಬರ, ಮನೆಗೆ ಕಾಳು, ದನಕ್ಕೆ ಮೇವು. ಅಲ್ಪ ನೆಲದಲ್ಲಿ ಹೇರಳವಾಗಿ ಬರುವ ಗೆಣಸನ್ನು ಇವುಗಳ ಜೊತೆಗೆ ಸೇರಿಸಿದರು.

ಇನ್ನು ಈ ತಿಳಿವಳಿಕೆಯನ್ನು ಓದು ಬಾರದ ಜನಕ್ಕೆ ಮುಟ್ಟಿಸುವುದು ಹೇಗೆ? ತಿಂಗಳಿಗೊಮ್ಮೆ ರೈತರ ಸಭೆಯನ್ನು ವಿದ್ಯಾಲಯದಲ್ಲಿ ಕೂಡಿಸಿ, ಬೆಳೆದುದನ್ನು ತೋರಿಸಿ, ಕಾಯಿಪಲ್ಲೆಯ ಬೀಜಗಳನ್ನು ಪುಕ್ಕಟೆಯಾಗಿ ಹಂಚಿದರು. ೧೮೯೮ರಿಂದ ಸಾಯುವತನಕ ನಲವತ್ತನ್ನು ಮೀರಿದ ಸಂಖ್ಯೆಯ ಪುಟ್ಟ ಪುಸ್ತಿಕೆಗಳನ್ನು ಹೊರಡಿಸಿದರು. ಒಂದೊಂದರಲ್ಲಿಯೂ ರೈತನಿಗೆ ಬೇಸಾಯಕ್ರಮ, ಶಿಕ್ಷಕನಿಗೆ ಶಾಸ್ತ್ರ, ಗೃಹಿಣಿಗೆ ಅಡಿಗೆ, ಈ ಮೂರೂ ಇರಬೇಕೆಂಬುದು ಅವರ ಸಂಕಲ್ಪ. ೧೯೧೬ರ ಪುಸ್ತಿಕೆಯಲ್ಲಿ ಶೇಂಗಾದ ೧೦೫ ಬಗೆಯ ಅಡಿಗೆಗಳೂ, ೧೯೧೮ರದರಲ್ಲಿ ಟೊಮೆಟೊದ ೧೧೫ ಬಗೆಗಳೂ ಇವೆ. ಪಾಂಡಿತ್ಯವನ್ನು ಮೆರೆಯಿಸುವ ಒಂದು ಮಾತೂ ಅಲ್ಲಿಲ್ಲ. ಒಲೆಯ ಮುಂದೆ ಬೆಳೆದ ಹುಡುಗನಲ್ಲದೆ ಬೇರೆ ಯಾವ ಆಚಾರ್ಯನು ಅಂಥದನ್ನು ಬರೆದಾನು? ಬೆಳೆಯುವ ವಿದ್ಯೆಯು ಬೇಯಿಸುವ ವಿದ್ಯೆಯಿಂದ ಬೇರೆಯಾದರೆ ಎರಡೂ ಬಡವನಿಗೆ ನಿಷ್ಪ್ರಯೋಜಕವೆಂಬುದನ್ನು ಅವರು ಅನುಭವದಿಂದ ಬಲ್ಲವರಾಗಿದ್ದರು.

ಆದರೆ ಸಭೆಗೆ ಬರಲಾರದವರು, ಪುಸ್ತಿಕೆಯನ್ನು ಓದಲಾರದವರು ಬಹುಜನ. ಅವರಿಗಾಗಿಯೇ ಕಾರ್ವರರು ವಾರದ ಕೊನೆಯಲ್ಲಿ ಕುದುರೆಗಾಡಿಯಲ್ಲಿ ಸಾಮಾನುಗಳನ್ನು ಹೇರಿಕೊಂಡು ಹಳ್ಳಿಗಳಿಗೆ ಹೊರಡುತ್ತಿದ್ದರು. ಈ ಸಂಚಾರದಿಂದಲೇ ೧೯೦೬ರಲ್ಲಿ ಸಂಚಾರೀ ಕೃಷಿಶಾಲೆಯು ಹುಟ್ಟಿತು. ನ್ಯೂಯಾರ್ಕಿನ ಧನಿಕ ಮಾರಿಸ್ ಜೆಸಪ್ಪರ ದ್ರವ್ಯಸಹಾಯದಿಂದ, ಕಾರ್ವರರೇ ಹಾಕಿಕೊಟ್ಟ ನಕಾಶೆಯಂತೆ ಬಂಡಿಯೊಂದು ಸಿದ್ಧವಾಯಿತು. ನೇಗಿಲು, ಬೀಜ, ಹಾಲು ಬೆಣ್ಣೆಯ ಸಲಕರಣೆ, ಬೆಳೆಗಳ ಮಾದರಿ, ಇವೆಲ್ಲ ಅದರಲ್ಲಿ. ಬಂಡಿಯು ಹಳ್ಳಿಯ ಹೊಲದಂಚಿನಲ್ಲಿ ನಿಲ್ಲುವುದು. ಸುತ್ತಲಿನ ಒಕ್ಕಲುಗಳು ನೆರೆಯುವುವು. ಅವರ ಹೊಲದಲ್ಲಿಯೇ ಉತ್ತು, ಅವರ ಹಿತ್ತಲಿನಲ್ಲಿಯೇ ಬಿತ್ತಿ ತೋರಿಸುವುದು. ಮೊದಲ ಬೇಸಗೆಯಲ್ಲಿ ತಿಂಗಳಿಗೆ ಸುಮಾರು ೨೦೦೦ ಜನರಿಗೆ ಇದರ ಪ್ರಯೋಜನವಾಯಿತೆಂದು ಲೆಕ್ಕವಿದೆ. ಅದೇ ವರ್ಷ ಟಸ್ಕೀಗಿಯ ವಿದ್ಯಾರ್ಥಿ ತಾಮಸ್ ಕ್ಯಾಂಪ್‌ಬೆಲ್ ಈ ಬಂಡಿಯ ಹೊಣೆಯನ್ನು ಹೊತ್ತು, ಕೇಂದ್ರ ಕೃಷಿ ಇಲಾಖೆಯು ನೇಮಿಸಿದ ಮೊದಲನೆಯ ಕಪ್ಪು ಕೃಷಿಪ್ರಚಾರಕರಾದರು. ೧೯೧೮ರಲ್ಲಿ ಬಂಡಿಯು ಹೋಗಿ ಮೋಟಾರು ಲಾರಿ ಬಂದಿತು. ಮುಂದೆ ಅದರೊಡನೆ ದಾದಿಯೂ ಗೃಹಶಿಕ್ಷಕಿಯೂ ಹಳ್ಳಿಗಳಿಗೆ ಹೋಗತೊಡಗಿದರು.

ಬಿತ್ತದೆ ಬೆಳೆಯುವ ಆಹಾರವನ್ನೂ ಅವರು ಮರೆಯಲಿಲ್ಲ. ಹಣ್ಣು ಕಾಯಿಗಳನ್ನು ಬಿಸಿಲಿನಲ್ಲಿ ಒಣಗಿಸಿ ಚಳಿಗಾಲಕ್ಕೆ ಇಡುವುದನ್ನು ಕಲಿಸಿದರು. ಗಾಜಿನ ಭರಣಿಯನ್ನು ಕೊಳ್ಳಲಾರದವನಿಗೂ ಬಿಸಿಲು ಪುಕ್ಕಟೆಯಷ್ಟೆ. ಕಾಡು ಪ್ಲಮ್ ಹಣ್ಣುಗಳು ಉದುರಿ ಕೊಳೆಯುವುದನ್ನು ಕಂಡು ಅದಕ್ಕೂ ಒಂದು ಪುಸ್ತಿಕೆ ಬರೆದರು. ಯುದ್ಧಕಾಲದ ೧೯೪೨ರಲ್ಲಿ ಬರೆದ ಮತ್ತೊಂದರಲ್ಲಿ ಜನರು ಕಳೆಯೆಂದು ಕಿತ್ತೆಸೆಯುವ ಕಾಡುಸೊಪ್ಪುಗಳ ಗುಣಗಳನ್ನು ವಿವರಿಸಿದರು. ನಮ್ಮ ಹೆಂಗಸರು ಮಳೆಗಾಲದಲ್ಲಿ ಹೊಲದ ಬದುಗಳಿಂದ ಬೆರಕೆಸೊಪ್ಪನ್ನು ಮಡಿಲಲ್ಲಿ ತುಂಬಿಕೊಂಡು ಬರುವುದನ್ನು ಕಂಡ ನಮ್ಮ ವಾಚಕರಿಗೆ ಈ ವಿವೇಕವು ಹೊಸದೆನಿಸದು. ಆದರೆ ಗುಲಾಮಗಿರಿಯೂ ಹತ್ತಿಯೂ ಸೇರಿ ಜನರ ಇಂಥ ಹಳೆಯ ತಿಳಿವಳಿಕೆಯನ್ನು ಒರೆಸಿಹಾಕತೊಡಗಿದ್ದ ನೆಲದಲ್ಲಿ ಅದನ್ನು ಮತ್ತೆ ಚಿಗುರಿಸುವುದು ಸಾಮಾನ್ಯ ಕಾರ್ಯವಲ್ಲ.

ಕೀರ್ತಿ ಬಂದುದು ಬೇರೆ ಬಾಗಿಲಿನಿಂದ. ೧೯೧೦ರ ಸುಮಾರಿಗೆ ಹತ್ತಿಯ ಕಾಯನ್ನು ಕೊರೆಯುವ ಮೂತಿಹುಳು ಅಲಬಾಮಾವನ್ನು ಹೊಕ್ಕಿತು. ಹತ್ತಿ ಕೆಟ್ಟಿತು, ರೈತರು ಶೇಂಗಾದ ಕಡೆಗೆ ತಿರುಗಿದರು, ಶೇಂಗಾಕ್ಕೆ ಪೇಟೆ ಬೇಕಾಯಿತು. ಕಾರ್ವರರು ಅದರಿಂದ ಹಾಲು, ಎಣ್ಣೆ, ಬಣ್ಣ, ಸಾಬೂನು ಮುಂತಾಗಿ ಮುನ್ನೂರರಷ್ಟು ವಸ್ತುಗಳನ್ನು ಪಟ್ಟಿಮಾಡಿದರು. ೧೯೨೧ರಲ್ಲಿ ವಿದೇಶದ ಶೇಂಗಾದ ಮೇಲಿನ ಸುಂಕದ ವಿಚಾರವಾಗಿ ಅಮೇರಿಕೆಯ ಶಾಸನಸಭೆಯ ಸಮಿತಿಯ ಮುಂದೆ ಸಾಕ್ಷ್ಯ ನುಡಿದಾಗ, ಹತ್ತೇ ನಿಮಿಷಗಳನ್ನು ಕೊಟ್ಟಿದ್ದ ಸದಸ್ಯರು ಅವರ ಮಾತಿಗೆ ಮನಸೋತು ಕಾಲವನ್ನು ಮತ್ತೆ ಮತ್ತೆ ವಿಸ್ತರಿಸಿದರು. ಅಂದಿನಿಂದ ದೇಶದ ತುಂಬ ಅವರ ಹೆಸರು.

ಈ ಕೀರ್ತಿಯಲ್ಲಿ ಉತ್ಪ್ರೇಕ್ಷೆಯೂ ಬೆರೆಯಿತೆಂಬುದನ್ನು ಮುಚ್ಚಿಡುವುದು ಸತ್ಯಕ್ಕೆ ಅಪಚಾರ. ಶೇಂಗಾದ ಬೆಣ್ಣೆಯನ್ನು ಕಂಡುಹಿಡಿದವರು ಅವರಲ್ಲ. ಅವರ ಪಟ್ಟಿಯ ಹೆಚ್ಚಿನ ವಸ್ತುಗಳು ಕಾರ್ಖಾನೆಯನ್ನು ಕಾಣಲಿಲ್ಲ. ಅವರು ಪಡೆದ ಪೇಟೆಂಟುಗಳು ಮೂರೇ. ವಿದ್ಯಾಲಯದ ಆಡಳಿತದಲ್ಲಿಯೂ ಅವರ ಕೈ ಸಾಗದು. ಕೋಳಿಸಾಕಣೆಯ ಲೆಕ್ಕ ತಪ್ಪಿತೆಂದು ವಾಷಿಂಗ್ಟನ್ನರಿಂದ ಆಕ್ಷೇಪಣೆಗಳನ್ನು ಕೇಳಿ, ಮುನಿದು ರಾಜೀನಾಮೆಯ ಬೆದರಿಕೆ ಹಾಕಿದ ಪ್ರಸಂಗಗಳೂ ಉಂಟು. ಮಹನೀಯರೂ ಮನುಷ್ಯರೇ. ಲೋಕವು ಹೊಗಳಿದ ಕಾರ್ಯವು ಕಾಲದ ಪರೀಕ್ಷೆಯಲ್ಲಿ ಸಣ್ಣದಾಗಿ, ಲೋಕವು ಗಮನಿಸದ ಆ ಪುಸ್ತಿಕೆಗಳೂ ಬಂಡಿಯೂ ದೊಡ್ಡವಾಗಿ ನಿಂತುವು.

ಇದಕ್ಕಿಂತ ಗಂಭೀರವಾದ ಪ್ರಶ್ನೆಯೊಂದಿದೆ. ಹಿತ್ತಲು ಹಸಿವನ್ನು ನೀಗಬಲ್ಲುದು. ಆದರೆ ಹಿತ್ತಲೇ ತನ್ನದಲ್ಲದವನ ಗತಿಯೇನು? ಹೊಸ್ತಿಲಿನವರೆಗೂ ಹತ್ತಿಯನ್ನೇ ಬಿತ್ತಬೇಕೆಂದು ಒಡೆಯನು ಕಟ್ಟುಮಾಡಿದರೆ ಬೀಜದ ಪೊಟ್ಟಣವನ್ನು ಎಲ್ಲಿ ಬಿಚ್ಚಬೇಕು? ಈ ವರ್ಷ ಗೊಬ್ಬರ ಹಾಕಿ ಹದಮಾಡಿದ ನೆಲವನ್ನು ಬರುವ ವರ್ಷ ಬಿಟ್ಟುಹೋಗಬೇಕಾದವನು ಮಣ್ಣನ್ನು ಏಕೆ ಪ್ರೀತಿಸಿಯಾನು? ಭೂಮಿಯ ಒಡೆತನವನ್ನಾಗಲಿ ವರ್ಣಭೇದದ ಕಾಯಿದೆಗಳನ್ನಾಗಲಿ ಕಾರ್ವರರು ಬಹಿರಂಗವಾಗಿ ಎದುರಿಸಲಿಲ್ಲ. ಕೊಲೆಯ ಗುಂಪುಗಳು ಹೊಂಚುತ್ತಿದ್ದ ಆ ಕಾಲದಲ್ಲಿ ಅವರು ಆರಿಸಿಕೊಂಡದ್ದು ತಾಳ್ಮೆಯ ಸೇವೆಯನ್ನು. ಅವರ ಬೋಧೆಯಿಂದ ಸಾಲ ತೀರಿಸಿ ತಲೆಯೆತ್ತಿದ ಕುಟುಂಬಗಳು ಉಂಟು. ತೀರಿಸಲಾರದೆ ಉತ್ತರದ ನಗರಗಳಿಗೆ ವಲಸೆ ಹೋದ ಕುಟುಂಬಗಳು ಲಕ್ಷಗಟ್ಟಲೆ. ವಿದ್ಯೆಯೊಂದೇ ಸಾಲದು, ನ್ಯಾಯವೂ ಬೇಕೆಂಬುದಕ್ಕೆ ಈ ಚರಿತ್ರೆಯೇ ಪ್ರಮಾಣ. ಆದರೆ ನ್ಯಾಯವು ಬರುವವರೆಗೆ ಮಕ್ಕಳು ಉಣ್ಣದೆ ಇರಲಾರರಷ್ಟೆ. ಆ ನಡುವಿನ ಕಾಲದ ತುತ್ತನ್ನು ಕಾರ್ವರರು ಒದಗಿಸಿಕೊಟ್ಟರು.

ಅವರ ಕೊನೆಯ ದಿನಗಳು ಅವರ ಬಾಳಿಗೆ ಒಪ್ಪುವಂತೆಯೇ ಇದ್ದವು. ಮದುವೆಯಾಗಲಿಲ್ಲ, ಹಳೆಯ ಅಂಗಿಯನ್ನೇ ತೊಟ್ಟು, ಅದರ ಗುಂಡಿಯಲ್ಲಿ ದಿನವೂ ಹೂವೊಂದನ್ನು ಸಿಕ್ಕಿಸಿಕೊಂಡು ಓಡಾಡಿದರು. ಮಿತವ್ಯಯದಿಂದ ಕೂಡಿದ ಸುಮಾರು ೬೦,೦೦೦ ಡಾಲರುಗಳನ್ನು ಕೃಷಿಸಂಶೋಧನೆಗಾಗಿ ಟಸ್ಕೀಗಿಯಲ್ಲಿ ಸ್ಥಾಪಿಸಿದ ನಿಧಿಗೆ ಒಪ್ಪಿಸಿದರು. ನಮ್ಮ ದೇಶದೊಡನೆಯೂ ಅವರಿಗೊಂದು ನಂಟುಂಟು. ೧೯೨೯ರಲ್ಲಿ ಟಸ್ಕೀಗಿಗೆ ಹೋಗಿದ್ದ ದೀನಬಂಧು ಆ್ಯಂಡ್ರೂಸರ ಮೂಲಕ ಮಹಾತ್ಮಾ ಗಾಂಧಿಯವರೊಡನೆ ಅವರಿಗೆ ಸಂಪರ್ಕವುಂಟಾಯಿತು. ಶಾಕಾಹಾರದ ವಿಚಾರವಾಗಿ ಸಲಹೆಗಳನ್ನೂ ತಮ್ಮ ಪುಸ್ತಿಕೆಗಳನ್ನೂ ಮಹಾತ್ಮರಿಗೆ ಕಳುಹಿಕೊಟ್ಟರು. ೧೯೪೩ರ ಜನವರಿ ೫ರಂದು ಅವರು ದೇಹವಿಟ್ಟರು. ಸಮಾಧಿಯು ಬುಕರ್ ವಾಷಿಂಗ್ಟನ್ನರ ಸಮಾಧಿಯ ಮಗ್ಗುಲಲ್ಲಿದೆ. ಗುಲಾಮನಾಗಿ ಹುಟ್ಟಿದ ಆ ಹೊಲವನ್ನು ಅದೇ ವರ್ಷ ಅಮೇರಿಕೆಯ ಸರಕಾರವು ರಾಷ್ಟ್ರೀಯ ಸ್ಮಾರಕವೆಂದು ಸಾರಿತು.

ಶೇಂಗಾವೂ ಗೆಣಸೂ ಅಮೇರಿಕಾ ಖಂಡಗಳಿಂದ ನಮ್ಮಲ್ಲಿಗೆ ಬಂದವು, ಅಲಸಂದಿಯು ಆಫ್ರಿಕದ್ದು. ಇಂದು ಅವಿಲ್ಲದ ನಮ್ಮ ಅಡಿಗೆಮನೆಯನ್ನು ಊಹಿಸುವುದೂ ಕಷ್ಟ. ಆದರೆ ಪೇಟೆಯ ಬೆಳೆ ಹೊಲವನ್ನೆಲ್ಲ ಆವರಿಸಿ, ಹಿತ್ತಲು ಬರಿದಾಗಿ, ಹಳ್ಳಿಯವನೇ ಪಟ್ಟಣದಿಂದ ಕಾಯಿಪಲ್ಲೆಯನ್ನು ಕೊಂಡು ತರುವ ಸ್ಥಿತಿಯು ಎಲ್ಲಿ ಕಂಡರೂ ಅದು ಮೇಕನ್ ಜಿಲ್ಲೆಯ ಹಳೆಯ ಕಥೆಯೇ ಎಂದು ನಾವು ಎಚ್ಚರಗೊಳ್ಳಬೇಕು. ಬಡವನ ಊಟವನ್ನು ಸುಧಾರಿಸಹೊರಡುವವರು ಮೊದಲು ಅವನ ಹಿತ್ತಲನ್ನು ನೋಡಲಿ. ಅದು ಅವನದೇ ಎಂಬುದನ್ನು ಖಚಿತಪಡಿಸಲಿ. ಆಮೇಲೆ ಬೀಜವನ್ನೂ ಬುದ್ಧಿಯನ್ನೂ ಹೊತ್ತುಕೊಂಡು, ಅವನು ಬರಲೆಂದು ಕಾಯದೆ, ತಾವೇ ಅವನ ಬಾಗಿಲಿಗೆ ಹೋಗಲಿ. ಒಂದು ಕುದುರೆಗೆ ಬದಲಾಗಿ ಬಂದನೆನ್ನುವ ಆ ಅನಾಥ ಶಿಶುವು ಲೋಕಕ್ಕೆ ತೀರಿಸಿದ ಋಣವು ಇಷ್ಟು ದೊಡ್ಡದು.